ಅವನ ಲ್ಯಾಪ್‌ಟಾಪಿನಲ್ಲಿಲ್ಲದ ಆಫೀಸು

ಡಿಸ್ಕು ಮೂರನೇ ಸಲ ‘ಟಕ್’ ಎಂದು ನಿಂತುಬಿಟ್ಟಿತು.

“ಅತ್ತಿಗೆ, ಸತ್ತು ಹೋಯ್ತಾ ಅದು?”

ಸ್ಕ್ರೂ ಅಕ್ಕ ಮೇಜಿನ ಮೇಲೆ ಕವಚ ಕಳಚಿಕೊಂಡು ಮಲಗಿದ್ದ ಹಾರ್ಡ್ ಡಿಸ್ಕಿನ ಮೇಲೆ ಅಂಗೈ ಇಟ್ಟು ನೋಡಿದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಕಾದಿತ್ತು. ವೈರು ಕಿತ್ತು ಅದನ್ನು ಫ್ಯಾನಿನ ಮುಂದೆ ಹಿಡಿದು ನಿಂತಳು. ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಮೂರು ಗಂಟೆಗೆ ತಮ್ಮನನ್ನು ಮತ್ತೆ ಕೋರ್ಟಿಗೆ ಕರೆದೊಯ್ಯುತ್ತಾರೆ.

ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅವಳ ತಮ್ಮ, ಕುಡಿಯಬಾರದ ನೀರನ್ನು ಕುಡಿಯಬಹುದು ಎಂದು ವರದಿ ತಿದ್ದಿದ ಎಂಬ ಆರೋಪದ ಮೇಲೆ ಬುಧವಾರ ಸಂಜೆಯಿಂದ ಪೊಲೀಸರ ವಶದಲ್ಲಿದ್ದ. ಆ ನೀರು ಕುಡಿದ ಮೂವತ್ತೊಂದು ಜನ ಆಸ್ಪತ್ರೆ ಸೇರಿದ್ದರು. ಇಬ್ಬರು ತೀರಿಕೊಂಡಿದ್ದರು. ಅವರಲ್ಲೊಂದು ಎಂಟು ತಿಂಗಳ ಕೂಸು.

“ಇನ್ನೊಂದು ಸಲ ನೋಡಿ ಅತ್ತಿಗೆ. ಒಂದೇ ಒಂದು ಸಲ.”

ತಮ್ಮನ ಹೆಂಡತಿ ಈ ನಾದಿನಿ. ಅವಳ ಕಣ್ಣುಗಳು ಅತ್ತು ಅತ್ತು ಊದಿದ್ದವು. ಹೊಲಿಗೆ ಕೆಲಸದವಳು. ಮೂರು ದಿನದಿಂದ ಒಂದು ನೂಲು ಪೋಣಿಸಿರಲಿಲ್ಲ. ಅಂಗಡಿಯ ಅರ್ಧ ಎಳೆದ ಶಟರಿನ ಪಕ್ಕ ಹಳೇ ಮಾನಿಟರುಗಳ ನಡುವೆ ಒಂದು ಸ್ಟೂಲಿನ ಮೇಲೆ ಮುದುರಿ ಕೂತಿದ್ದಳು.

“ನೋಡ್ತಾ ಇದೀನಲ್ಲೇ. ನೀನು ಹೀಗೆ ತಲೆ ಮೇಲೆ ಕೂತ್ರೆ ಕೈ ಓಡಲ್ಲ.”

ಸ್ಕ್ರೂ ಅಕ್ಕ ತುರುಬಿಗೆ ಸಿಕ್ಕಿಸಿದ್ದ ಸ್ಕ್ರೂಡ್ರೈವರ್ ಎಳೆದುಕೊಂಡಳು. ಅದರಿಂದಲೇ ಅವಳಿಗೆ ಆ ಹೆಸರು. ಇಪ್ಪತ್ತು ವರ್ಷದಿಂದ ಈ ಬೀದಿಯ ಕಂಪ್ಯೂಟರುಗಳನ್ನೆಲ್ಲ ಬಿಚ್ಚಿ ಮುಚ್ಚಿದವಳು. ಯಾವ ಯಂತ್ರದ ಮುಂದೆಯೂ ಹೀಗೆ ಬೇಡಿಕೊಂಡಿರಲಿಲ್ಲ.

ಡಿಸ್ಕಿಗೆ ಮತ್ತೆ ವೈರು ಕೊಟ್ಟಳು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಳಗಿಂದ ಸಣ್ಣಗೆ ಗುಂಯ್ ಎಂಬ ಸದ್ದು.

ತಿರುಗಿತು.

“ಮಾತಾಡಬೇಡ,” ಎಂದಳು ಸ್ಕ್ರೂ ಅಕ್ಕ, ನಾದಿನಿ ಬಾಯಿ ತೆರೆಯುವ ಮೊದಲೇ.

ಪರದೆಯ ಮೇಲೆ ದಿನಾಂಕಗಳ ಹೆಸರಿನ ಫೋಲ್ಡರುಗಳು ಒಂದೊಂದಾಗಿ ಇಳಿದವು. ಹೋದ ವಾರಕ್ಕೂ ಹಿಂದಿನ ಸೋಮವಾರ. ಅದರ ಮರುದಿನ ಮಂಗಳವಾರ. ಎರಡರಲ್ಲೂ ಒಂದೇ ಹೆಸರಿನ ಒಂದೊಂದು ಫೈಲು. ಎರಡನ್ನೂ ಎಳೆದು ಪೆನ್‌ಡ್ರೈವಿಗೆ ಹಾಕಿದಳು. ಪ್ರತಿ ಮುಗಿಯಿತು ಎಂದು ಪರದೆ ಹೇಳಿದ್ದೇ ತಡ, ಡಿಸ್ಕು ಗರಗರ ಅಂದು, ಟಕ್ ಅಂದು, ಮತ್ತೆ ಏಳಲಿಲ್ಲ.

ಅವಳು ಅದಕ್ಕೆ ಕೈಮುಗಿದಳು. ನಿಜವಾಗಿಯೇ.

ಈ ಡಿಸ್ಕಿನ ಕತೆ ಇಷ್ಟು. ಎರಡು ವರ್ಷದ ಹಿಂದೆ ತಮ್ಮನ ಲ್ಯಾಪ್‌ಟಾಪು ಹೊಸ ವಿಂಡೋಸಿನ ಭಾರ ತಾಳಲಾರದೆ ಏದುಸಿರು ಬಿಡತೊಡಗಿತ್ತು. ಅವಳೇ ಅದನ್ನು ಒರೆಸಿ ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಟ್ಟಳು. ಲ್ಯಾಪ್‌ಟಾಪು ಕುದುರೆಯ ಹಾಗೆ ಓಡಿತು. ತೊಂದರೆ ಶುರುವಾದದ್ದು ಲ್ಯಾಬಿನಲ್ಲಿ. ಅಲ್ಲಿ ಎಲ್ಲ ಕಚೇರಿಗಳ ಹಾಗೆ ಆ ಒಂದೇ ಆಫೀಸ್ ಸಾಫ್ಟ್‌ವೇರು, ಫೈಲುಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಇಡುವ ಅದರದೇ ಕ್ಲೌಡು. ಆ ಕ್ಲೌಡಿಗೆ ಬರಲು ವಿಂಡೋಸಿನವರಿಗೆ ಹೆಬ್ಬಾಗಿಲು, ಲಿನಕ್ಸಿನವರಿಗೆ ಕಿಟಕಿ. ಬ್ರೌಸರಿನಲ್ಲಿ ಇಣುಕಿ ಕೆಲಸ ಮಾಡಬೇಕು, ಅಷ್ಟೆ. ತಮ್ಮನ ಗೋಳು ಕೇಳಲಾರದೆ ಅವಳು ಒಂದು ಸಣ್ಣ ಸೇತುವೆ ಕಟ್ಟಿಕೊಟ್ಟಳು. ಕ್ಲೌಡಿನ ಫೈಲುಗಳು ಅವನ ಲ್ಯಾಪ್‌ಟಾಪಿನಲ್ಲಿ ಮಾಮೂಲಿ ಫೋಲ್ಡರಿನ ಹಾಗೆ ಕಾಣುತ್ತಿದ್ದವು. ಉಚಿತವಾಗಿ ಸಿಗುವ ಬೇರೊಂದು ಆಫೀಸ್ ಸಾಫ್ಟ್‌ವೇರಿನಲ್ಲಿ ಅವನು ವರದಿ ಬರೆದು ವರ್ಡ್ ಫೈಲಾಗಿ ಉಳಿಸುತ್ತಿದ್ದ. ತನ್ನ ಸೇತುವೆಯ ಮೇಲೆ ತನಗೇ ಪೂರ್ತಿ ಭರವಸೆ ಇಲ್ಲದ್ದರಿಂದ, ದಿನಾ ಸಂಜೆ ಆರಕ್ಕೆ ಆ ಫೋಲ್ಡರಿನ ಒಂದು ನಕಲು ತನ್ನ ಅಂಗಡಿಯ ಈ ಡಿಸ್ಕಿಗೆ ಬಂದು ಬೀಳುವ ಹಾಗೆ ಮಾಡಿದ್ದಳು.

ತಮ್ಮನನ್ನು ಹಿಡಿದ ದಿನವೇ ಡಿಸ್ಕು ಕೈಕೊಟ್ಟಿತ್ತು. ಕೆಟ್ಟ ಕಾಲ ಬಂದರೆ ಹಗ್ಗವೂ ಹಾವಾಗುತ್ತದಂತೆ.

“ಬಾ ಇಲ್ಲಿ,” ಎಂದು ನಾದಿನಿಯನ್ನು ಪಕ್ಕಕ್ಕೆ ಕರೆದಳು. “ವರ್ಡ್ ಫೈಲ್ ಅಂದ್ರೆ ಒಂದು ಗಂಟು ಕಣೇ. ಹೊರಗಿಂದ ಒಂದೇ ಹಾಳೆ ಥರ ಕಾಣುತ್ತೆ. ಗಂಟು ಬಿಚ್ಚಿದ್ರೆ ಒಳಗೆ ಹತ್ತಾರು ಚೀಟಿ ಇರುತ್ತೆ. ಒಂದು ಚೀಟಿಲಿ, ಈ ಗಂಟು ಕಟ್ಟಿದ್ದು ಯಾವ ಸಾಫ್ಟ್‌ವೇರು ಅಂತ ಬರೆದಿರುತ್ತೆ. ಯಾರೂ ನೋಡಲ್ಲ ಅದನ್ನ.”

ಸೋಮವಾರದ ಫೈಲನ್ನು ಬಿಚ್ಚಿದಳು. ಚೀಟಿಯಲ್ಲಿ ಉಚಿತ ಆಫೀಸಿನ ಹೆಸರು, ಪಕ್ಕದಲ್ಲೇ ಲಿನಕ್ಸ್ ಎಂಬ ಪದ. ವರದಿಯ ಕೊನೆಯ ಸಾಲು: ಕುಡಿಯಲು ಯೋಗ್ಯವಲ್ಲ.

ಮಂಗಳವಾರದ್ದನ್ನು ಬಿಚ್ಚಿದಳು. ವರದಿಯ ಕೊನೆಯ ಸಾಲು: ಕುಡಿಯಲು ಯೋಗ್ಯ. ಬ್ಯಾಕ್ಟೀರಿಯಾ ಎಣಿಕೆಯ ಜಾಗದಲ್ಲಿ ಸೊನ್ನೆ. ಚೀಟಿಯಲ್ಲಿ ಎಲ್ಲ ಕಚೇರಿಗಳಲ್ಲಿರುವ ಆ ವಿಂಡೋಸ್ ಆಫೀಸಿನ ಹೆಸರು. ತಿದ್ದಿ ಉಳಿಸಿದ ಹೊತ್ತು, ಬೆಳಗ್ಗೆ ಹನ್ನೊಂದು ನಲವತ್ತೆರಡು. ವರ್ಷನ್ ಹನ್ನೆರಡು.

ಸ್ಕ್ರೂ ಅಕ್ಕ ಕುರ್ಚಿಗೆ ಒರಗಿದಳು.

“ಏನದು? ಹೇಳಿ ಅತ್ತಿಗೆ!”

“ಇವನ ಲ್ಯಾಪ್‌ಟಾಪಲ್ಲಿ ಈ ಆಫೀಸೇ ಇಲ್ಲ. ತಿದ್ದಿದೋರು ಬೇರೆ ಮೆಷಿನಲ್ಲಿ ಕೂತು ತಿದ್ದಿದಾರೆ.”

“ಯಾವ ಮೆಷಿನು?”

“ಹನ್ನೆರಡು ಅಂದ್ರೆ ಅಜ್ಜನ ಕಾಲದ್ದು. ಲ್ಯಾಬಲ್ಲಿ ಹೋದ ವರ್ಷ ಎಲ್ಲಾ ಹೊಸ ಕಂಪ್ಯೂಟರ್ ತಂದ್ರು. ನಾನೇ ಜೋಡಿಸಿಕೊಟ್ಟಿದ್ದು. ಹಳೇದು ಒಂದೇ ಒಂದು ಉಳೀತು.” ಅವಳು ಎದ್ದು ಪೆನ್‌ಡ್ರೈವನ್ನು ರವಿಕೆಯೊಳಗೆ ಸೇರಿಸಿದಳು. “ಅದು ಲ್ಯಾಬಿನ ಹೆಡ್ ಮೇಡಂ ರೂಮಲ್ಲಿದೆ.”

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. “ಮೇಡಮ್ಮಾ? ಇವರಿಗೆ ಕೆಲಸ ಕಲಿಸಿದೋರು...”

“ನಡಿ. ಇನ್ಸ್‌ಪೆಕ್ಟರು ಹನ್ನೆರಡೂವರೆಗೆ ಲ್ಯಾಬಿಗೆ ಬರ್ತಾರಂತೆ, ಮೇಡಂ ಕೈಲಿ ಹೇಳಿಕೆಗೆ ಸಹಿ ಹಾಕಿಸೋಕೆ. ಇಬ್ಬರೂ ಒಂದೇ ಕಡೆ ಸಿಗ್ತಾರೆ.”

“ವಕೀಲರಿಗೆ ಒಂದು ಫೋನ್ ಮಾಡ್ಲಾ?”

“ಆಮೇಲೆ ಮಾಡುವಂತೆ. ಮೊದಲು ಕಾಲು ಕಿತ್ತಿಡು.”

* * *

ಲ್ಯಾಬಿನ ಉದ್ದನೆಯ ಹಜಾರದಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ಎರಡೂ ಬದಿಗೆ ಕಪಾಟು. ಕಪಾಟಿನ ತುಂಬ ನೀರಿನ ಬಾಟಲಿಗಳು. ಪ್ರತಿಯೊಂದರ ಕೊರಳಿಗೂ ಬಡಾವಣೆಯ ಹೆಸರು ಬರೆದ ಚೀಟಿ. ತಮ್ಮನ ಮೇಜು ಖಾಲಿಯಾಗಿತ್ತು. ಅವನ ಕನ್ನಡಕವಿದ್ದ ಡಬ್ಬಿ ಮಾತ್ರ ಅಲ್ಲೇ ಬಿದ್ದಿತ್ತು. ಕನ್ನಡಕ ಇಲ್ಲದೆ ಮೂರು ದಿನ ಅವನಿಗೆ ಏನು ಕಂಡಿತ್ತೋ ಏನೋ. ನಾದಿನಿ ಅದನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು.

ಕೆಲಸದವರು ತಲೆ ಎತ್ತಿ ನೋಡಿ ತಲೆ ತಗ್ಗಿಸಿದರು. ಇದೇ ಹಜಾರದಲ್ಲಿ ಬುಧವಾರ ಸ್ಕ್ರೂ ಅಕ್ಕ ಕಿರುಚಿದ್ದಳು. ಪೊಲೀಸರು ತಮ್ಮನ ತೋಳು ಹಿಡಿದಿದ್ದರು. ಅವನ ಲ್ಯಾಪ್‌ಟಾಪಿನ ಕಪ್ಪು ಪರದೆ, ಅದರ ಮೇಲಿನ ಬಿಳಿ ಅಕ್ಷರಗಳನ್ನು ಕಂಡು ಒಬ್ಬ ಪೇದೆ “ಹ್ಯಾಕರ್ ಇವನು” ಎಂದಿದ್ದ. ಆಗ ಸ್ಕ್ರೂ ಅಕ್ಕನಿಗೆ ತಡೆಯಲಾಗಲಿಲ್ಲ. “ನಿಮ್ಮ ಆಫೀಸು ಅವನ ಲ್ಯಾಪ್‌ಟಾಪಲ್ಲಿ ಇಲ್ಲವೇ ಇಲ್ಲ! ಫೈಲ್ ಬಿಚ್ಚಿ ನೋಡಿ, ಯಾವುದರಲ್ಲಿ ತಿದ್ದಿದ್ದು ಅಂತ ಒಳಗೇ ಬರೆದಿರುತ್ತೆ!” ಎಂದು ಮೂವತ್ತು ಜನರ ಎದುರು ಕೂಗಿದ್ದಳು. ಯಾರೂ ಬಿಚ್ಚಿ ನೋಡಲಿಲ್ಲ. ನೋಡಿರಲಿಲ್ಲ ಎಂದು ಅವಳು ಅಂದುಕೊಂಡಿದ್ದಳು.

ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು.

ಅರವತ್ತರ ಹತ್ತಿರದ ಹೆಂಗಸು. ಬಿಳಿ ಕೋಟಿನ ಜೇಬಿಗೆ ಹಳೆಯ ಇಂಕಿನ ಕಲೆ. ಮೇಜಿನ ಮೇಲೆ ಟೈಪಾದ ಹೇಳಿಕೆ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಹಿಂದೆ ಮೂಲೆಯಲ್ಲಿ, ಟ್ರಂಕು ಪೆಟ್ಟಿಗೆಯಷ್ಟು ದಪ್ಪನೆಯ, ನೀರು ಪರೀಕ್ಷಿಸುವ ಯಂತ್ರ. ಅದರ ಬಾಲಕ್ಕೆ ಕಟ್ಟಿದ ಹಾಗೆ ಹಳದಿಗಟ್ಟಿದ ಹಳೇ ಕಂಪ್ಯೂಟರು.

“ಇನ್ಸ್‌ಪೆಕ್ಟರು ಇನ್ನೂ ಬಂದಿಲ್ವಾ ಮೇಡಂ?”

“ಬರ್ತಾರೆ. ನೀನು ಯಾಕೆ ಬಂದೆ?”

“ಸಹಿ ಹಾಕೋ ಮುಂಚೆ ಒಂದು ಮಾತು ಕೇಳ್ಬೇಕಿತ್ತು.” ಸ್ಕ್ರೂ ಅಕ್ಕ ಕೂರಲಿಲ್ಲ. “ಆ ಹಳೇ ಕಂಪ್ಯೂಟರಲ್ಲಿ ಆಫೀಸಿನ ಯಾವ ವರ್ಷನ್ ಇದೆ?”

ಪೆನ್ನು ಗಾಳಿಯಲ್ಲೇ ನಿಂತಿತು. “ನನಗೇನು ಗೊತ್ತು? ಆ ಯಂತ್ರ ಹಳೇ ವಿಂಡೋಸಲ್ಲಿ ಮಾತ್ರ ಕೆಲಸ ಮಾಡುತ್ತೆ, ಅದಕ್ಕೆ ಇಟ್ಕೊಂಡಿದೀವಿ. ಅದು ನಿನಗೇ ಗೊತ್ತಲ್ಲ.”

“ಗೊತ್ತು. ಹನ್ನೆರಡು. ನಾನೇ ನೋಡಿದೀನಿ. ತಿದ್ದಿದ ವರದಿ ಒಳಗೂ ಹನ್ನೆರಡು ಅಂತಲೇ ಇದೆ. ಆ ಮಂಗಳವಾರ ಬೆಳಗ್ಗೆ ಹನ್ನೊಂದು ನಲವತ್ತೆರಡಕ್ಕೆ ಈ ಕುರ್ಚಿಲಿ ಯಾರು ಕೂತಿದ್ರು ಮೇಡಂ?”

“ಮಾತು ಬಿಗಿ ಹಿಡಿದು ಆಡು!”

“ಮೂರು ದಿನ ಹಿಡಿದೆ. ಇನ್ನು ಆಗಲ್ಲ.” ಅವಳ ದನಿ ಒಡೆಯಿತು. “ಅವನು ನಿಮ್ಮ ಕೈಲಿ ಬೆಳೆದೋನು. ಸ್ಯಾಂಪಲ್ ಬಾಟ್ಲಿ ಹಿಡಿಯೋದು ಹೇಗೆ ಅಂತ ಕಲಿಸಿದ್ದು ನೀವು. ಬಡಾವಣೆ ನೀರು ಕೆಟ್ಟಿದೆ ಅಂತ ಸೋಮವಾರ ಅವನು ಓಡಿ ಬಂದು ಮೊದಲು ಹೇಳಿದ್ದು ನಿಮಗೆ. ಆ ಕೂಸು ಸತ್ತ ದಿನ ಮನೇಲಿ ಅನ್ನ ಮುಟ್ಟಲಿಲ್ಲ ಅವನು. ಅವನೇ ತಿದ್ದಿದ ಅಂತ ಬರೆದು ಸಹಿ ಹಾಕ್ತೀರಾ?”

ಮೇಡಂ ಹೇಳಿಕೆಯ ಮೇಲಿಂದ ಪೆನ್ನನ್ನು ಪಕ್ಕಕ್ಕೆ ಸರಿಸಿದರು. ಬಾಗಿಲಲ್ಲಿ ನಿಂತಿದ್ದ ನಾದಿನಿ ಒಳಗೆ ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತೇಬಿಟ್ಟಳು. ಅಳಲಿಲ್ಲ. ಬೇಡಲೂ ಇಲ್ಲ. ಸುಮ್ಮನೆ ಕೂತಳು.

“ಏಳಮ್ಮ,” ಎಂದರು ಮೇಡಂ. “ಏಳು, ಹಾಗೆ ಕೂರಬೇಡ.”

ಅವಳು ಏಳಲಿಲ್ಲ.

ಪೆನ್ನಿನ ಮುಚ್ಚಳ ಹಾಕಲು ಮೇಡಂಗೆ ಮೂರು ಸಲ ಬೇಕಾಯಿತು.

“ನಾನು ಆವತ್ತು ಇಲ್ಲಿರಲಿಲ್ಲ. ಹತ್ತರಿಂದ ಒಂದರ ತನಕ ನಗರಸಭೆ ಮೀಟಿಂಗು. ಹಾಜರಿ ಪುಸ್ತಕದಲ್ಲಿ ಸಹಿ ಇದೆ.” ದನಿ ಕುಗ್ಗಿತು. “ಆ ಕಂಪ್ಯೂಟರಲ್ಲಿ ಕ್ಲೌಡು ತೆರೆದೇ ಇರುತ್ತೆ. ನಿನ್ನ ತಮ್ಮನ ಹೆಸರಲ್ಲೇ. ಯಂತ್ರದಿಂದ ಬರೋ ಅಂಕಿ ಸಂಖ್ಯೆ ಕ್ಲೌಡಿಗೆ ಹಾಕೋದು ನನಗೆ ಬರ್ತಿರಲಿಲ್ಲ. ಅವನೇ ತನ್ನ ಖಾತೆ ಹಾಕಿಕೊಟ್ಟಿದ್ದ. ಹೀಗೆ ಬಿಡಬಾರದು ಮೇಡಂ, ನಿಮ್ಮದೇ ಖಾತೆ ಮಾಡಿಸಿ ಅಂತ ನಾಲ್ಕು ಸಲ ಹೇಳಿದ್ದ. ನಾನೇ ನಾಳೆ ನಾಳೆ ಅಂತ ತಳ್ಳಿದೆ.”

“ಪೊಲೀಸರಿಗೆ ಹೇಳಿದ್ರಾ ಇದನ್ನ?”

ಮೇಡಂ ಹೇಳಿಕೆಯ ಹಾಳೆಯನ್ನು ಮಗುಚಿಟ್ಟರು.

“ಮೇಡಂ, ಹೇಳಿದ್ರಾ?”

“ಎರಡು ವರ್ಷಕ್ಕೆ ನಿವೃತ್ತಿ ನನಗೆ,” ಎಂದರು ಮೇಡಂ, ಕಿಟಕಿಯ ಕಡೆ ನೋಡುತ್ತ. “ನನ್ನ ಕೋಣೆ, ನನ್ನ ಕಂಪ್ಯೂಟರು, ಬೀಗ ನನ್ನದು. ಹೇಳಿದ್ರೆ ಅವನ ಜಾಗದಲ್ಲಿ ನಾನು ಇರ್ತೀನಿ ಅನ್ನಿಸ್ತು. ಅವನು ಹೇಗೂ ಚಿಕ್ಕವನು, ಗೆದ್ದು ಬರ್ತಾನೆ ಅಂದ್ಕೊಂಡೆ.”

ಸ್ಕ್ರೂ ಅಕ್ಕನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಒಂದು ಕ್ಷಣ ಆ ಅಂಚು ಮುರಿದು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು.

“ಬೀಗ ಯಾರು ತೆಗೆದ್ರು ಆವತ್ತು?”

“ಅಟೆಂಡರ್. ಇನ್ನೊಂದು ಕೀ ಅವನ ಹತ್ತಿರ ಇರುತ್ತೆ. ಯಂತ್ರದ ಸರ್ವಿಸಿಗೆ ಕಂಪನಿಯಿಂದ ಒಬ್ಬರು ಬಂದಿದಾರೆ, ತೆಗೀಲಾ ಅಂತ ಫೋನ್ ಮಾಡಿದ್ದ. ತೆಗಿ ಅಂದೆ. ಆಮೇಲೆ ಕಂಪನಿಗೆ ಫೋನ್ ಮಾಡಿ ಕೇಳಿದೆ. ಅವರು ಯಾರನ್ನೂ ಕಳಿಸಿರಲಿಲ್ಲ.”

“ಹೇಗಿದ್ದ ಅವನು?”

“ಎತ್ತರದ ಮನುಷ್ಯ, ಮಾತು ಬಹಳ ನಯ ಅಂದ ಅಟೆಂಡರ್. ಅಷ್ಟೇ.”

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಸ್ಕ್ರೂ ಅಕ್ಕನ ಕೈಗೆ ಸಿಕ್ಕಿದ್ದು ಕಡ್ಡಿಯಲ್ಲ, ಹಗ್ಗ. “ಇದನ್ನೇ ಬರೆದುಕೊಡಿ ಮೇಡಂ. ಈಗಲೇ. ಇಷ್ಟೇ ಸಾಕು.”

“ಏನು ಸಾಕು?”

ಇನ್ಸ್‌ಪೆಕ್ಟರು ಬಾಗಿಲಲ್ಲಿದ್ದರು. ಕಂಕುಳಲ್ಲಿ ಅರಗಿನ ಮುದ್ರೆ ಹಾಕಿದ ಬಟ್ಟೆಯ ಚೀಲ, ಕೈಯಲ್ಲಿ ಕೇಸಿನ ಕಡತ. ಚೀಲದೊಳಗಿದ್ದದ್ದು ತಮ್ಮನ ಲ್ಯಾಪ್‌ಟಾಪು, ಮೇಡಂ ಅದನ್ನು ನೋಡಿ ಗುರುತಿಸಬೇಕಿತ್ತು. ಮನುಷ್ಯ ಒರಟನಲ್ಲ. ದಣಿದಿದ್ದರು. ನೆಲದ ಮೇಲೆ ಕೂತಿದ್ದ ನಾದಿನಿಯನ್ನು ಕಂಡು ಟೋಪಿ ತೆಗೆದರು.

ಸ್ಕ್ರೂ ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಪೆನ್‌ಡ್ರೈವನ್ನು ಮೇಡಂ ಮೇಜಿನ ಮೇಲಿನ ಹೊಸ ಕಂಪ್ಯೂಟರಿಗೆ ಹಾಕಿ ಎರಡೂ ಫೈಲುಗಳನ್ನು ಬಿಚ್ಚಿ ತೋರಿಸಿದಳು. ಹಳೇ ಕಂಪ್ಯೂಟರಿನಲ್ಲಿ ಆಫೀಸು ತೆರೆದು ಹನ್ನೆರಡನ್ನು ತೋರಿಸಿದಳು. ಮೇಡಂ ಬೀಗದ ಮಾತು, ಖಾತೆಯ ಮಾತು ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಇನ್ಸ್‌ಪೆಕ್ಟರು ಮಧ್ಯೆ ಬಾಯಿ ಹಾಕದೆ ಕೇಳಿದರು.

ಕೇಳಿ ಮುಗಿದ ಮೇಲೆ ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದರು.

“ನೋಡಿಯಮ್ಮ, ನೀವು ಬುಧವಾರ ಕೂಗಿದ್ದು ನಾನು ಮರೆತಿರಲಿಲ್ಲ. ನಮ್ಮ ಕಂಪ್ಯೂಟರ್ ವಿಭಾಗದೋರಿಗೆ ನೋಡಿ ಅಂತ ಹೇಳಿದ್ದೆ. ಶುಕ್ರವಾರ ಅದರ ಡಿಸ್ಕು ಹೊರಗೆ ತೆಗೆದು ನೋಡಿ ಬರೆದುಕೊಟ್ರು. ಲ್ಯಾಪ್‌ಟಾಪಲ್ಲಿ ವೈನ್ ಇದೆ ಅಂತ. ಮೊದಲು ನಾನು ಯಾರೋ ಕುಡಿದು ಚೆಲ್ಲಿದಾರೆ ಅಂದ್ಕೊಂಡೆ.” ನಗಲು ನೋಡಿದರು, ಆಗಲಿಲ್ಲ. “ಆಮೇಲೆ ಹೇಳಿದ್ರು. ಅದೊಂದು ಸಾಫ್ಟ್‌ವೇರಂತೆ. ಅದು ಇದ್ರೆ ಲಿನಕ್ಸಲ್ಲೂ ವಿಂಡೋಸಿನ ಆಫೀಸು ಓಡುತ್ತಂತೆ. ನಿಜಾನಾ?”

ಸ್ಕ್ರೂ ಅಕ್ಕ ಹಾಳೆಯ ಮೇಲೆ ಬಗ್ಗಿದಳು. “ನಿಜ. ಹಳೇ ಆಫೀಸಾದ್ರೆ ಚೆನ್ನಾಗೇ ಓಡುತ್ತೆ.”

“ಅದೂ ಇದೆ ಅದರಲ್ಲಿ. ವರ್ಷನ್ ಹನ್ನೆರಡು.”

ಇನ್ಸ್‌ಪೆಕ್ಟರು ಹಾಳೆಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟರು.

“ಇಲ್ಲ,” ಎಂದಳು ಅವಳು. “ನಾನು ಹಾಕಿಲ್ಲ. ಅವನಿಗೆ ಹಾಕೋಕೆ ಬರಲ್ಲ. ಎರಡು ವರ್ಷದಿಂದ ಅವನು ಒಂದು ಸಾಫ್ಟ್‌ವೇರೂ ತಾನಾಗಿ ಹಾಕಿದೋನಲ್ಲ. ಫಾಂಟ್ ಬೇಕಂದ್ರೂ ಅಂಗಡಿಗೆ ಓಡಿ ಬರ್ತಿದ್ದ.”

“ನೀವು ಅಕ್ಕ. ಹಾಗೇ ಹೇಳ್ತೀರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬುಧವಾರ ಆ ಹಜಾರದಲ್ಲಿ ಅವಳು ಕೂಗಿದ್ದನ್ನು ಯಾರೋ ಗಮನವಿಟ್ಟು ಕೇಳಿಸಿಕೊಂಡಿದ್ದರು. ಆ ಆಫೀಸು ಇಲ್ಲ ಅಂದಳಲ್ಲವೇ, ಇರುವ ಹಾಗೆ ಮಾಡಿಬಿಟ್ಟರು. ತಮ್ಮನನ್ನು ಬಿಡಿಸಲು ಅವಳು ಎತ್ತಿದ ಕಲ್ಲು ಅವನ ತಲೆಯ ಮೇಲೇ ಬಿದ್ದಿತ್ತು.

ಕಲ್ಲು ಬಿದ್ದದ್ದು ಯಾವಾಗ?

“ಸಾರ್, ಲ್ಯಾಪ್‌ಟಾಪ್ ತೆಗೀರಿ. ನಾನು ಮುಟ್ಟಲ್ಲ. ನಾನು ಹೇಳಿದ್ದನ್ನ ನೀವೇ ಟೈಪ್ ಮಾಡಿ.”

“ಸೀಲ್ ಮಾಡಿದ್ದು.”

“ಮೇಡಂಗೆ ತೋರಿಸೋಕೆ ಹೇಗೂ ಒಡೀಬೇಕಲ್ಲ. ಕಾಲಿಗೆ ಬೀಳ್ತೀನಿ ಸಾರ್. ಎರಡು ನಿಮಿಷ. ಮೂರು ಗಂಟೆ ಆದ್ಮೇಲೆ ನನ್ನ ಕೈಲಿ ಏನೂ ಇರಲ್ಲ.”

ಇನ್ಸ್‌ಪೆಕ್ಟರು ಮೇಡಂ ಮುಖ ನೋಡಿದರು. ಆಮೇಲೆ ಅರಗು ಒಡೆದರು.

ಲ್ಯಾಪ್‌ಟಾಪು ಹೊತ್ತಿಕೊಂಡಿತು. ಕೇಳಿದಾಗ ಅವಳು ಪಾಸ್‌ವರ್ಡ್ ಹೇಳಿದಳು. ಅದು ಅವರಿಬ್ಬರ ತಾಯಿ ತಮ್ಮನನ್ನು ಕರೆಯುತ್ತಿದ್ದ ಮುದ್ದಿನ ಹೆಸರು, ಜೊತೆಗೆ ನಾಲ್ಕು ಅಂಕಿ. ಅಕ್ಕ ತಮ್ಮ ಬಿಟ್ಟು ಬೇರಾರಿಗೂ ಗೊತ್ತಿರಲಿಲ್ಲ. ನಾದಿನಿಗೂ ಇಲ್ಲ.

“ಲಿನಕ್ಸು ಒಂದು ದಿನಚರಿ ಬರೀತಾ ಹೋಗುತ್ತೆ ಸಾರ್. ಯಾವ ಸಾಫ್ಟ್‌ವೇರನ್ನ ಯಾವತ್ತು, ಎಷ್ಟು ಹೊತ್ತಿಗೆ ಹಾಕಿದ್ರು ಅಂತ. ವಿಂಡೋಸಲ್ಲೇ ಬೆಳೆದೋರಿಗೆ ಅದು ಎಲ್ಲಿದೆ ಅಂತ ಸಾಮಾನ್ಯಕ್ಕೆ ಗೊತ್ತಿರಲ್ಲ. ಈಗ ನಾನು ಹೇಳಿದ ಹಾಗೆ ಬರೀರಿ.”

ಇನ್ಸ್‌ಪೆಕ್ಟರು ಒಂದೊಂದೇ ಅಕ್ಷರವನ್ನು ಒಂದೇ ಬೆರಳಿನಲ್ಲಿ ಒತ್ತಿದರು. ಒಂದು ಕಡೆ ತಪ್ಪಿ, ಅಳಿಸಿ, ಮತ್ತೆ ಬರೆದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಇಳಿದು ನಿಂತವು.

“ಕೊನೇ ಸಾಲು ಓದಿ ಸಾರ್.”

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ವೈನ್ ಎಂಬ ಹೆಸರು. ಅದರ ಮೇಲೆ ದಿನಾಂಕ, ಹೊತ್ತು. ಎರಡು ಸಲ ಓದಿಕೊಂಡರು. ಬೆರಳು ಮಡಚಿ ಲೆಕ್ಕ ಹಾಕಿದರು.

“ಗುರುವಾರ,” ಎಂದರು ನಿಧಾನವಾಗಿ. “ಮಧ್ಯಾಹ್ನ ಹನ್ನೆರಡು ಹತ್ತು.”

“ನೀವು ಲ್ಯಾಪ್‌ಟಾಪ್ ತಗೊಂಡು ಹೋಗಿದ್ದು ಬುಧವಾರ.”

ಇನ್ಸ್‌ಪೆಕ್ಟರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಅವರ ಮುಖದ ಬಣ್ಣ ಬದಲಾಗಿತ್ತು.

“ಸೀಲ್ ಹಾಕಿದ್ದು ಶುಕ್ರವಾರ,” ಎಂದರು. “ಗುರುವಾರ ಪೂರ್ತಿ ಠಾಣೆಯ ಹೊರ ಕೋಣೇಲಿ, ದಾಖಲೆ ಬರೆಯೋ ರೈಟರ್ ಮೇಜಿನ ಮೇಲೆ ಇತ್ತು. ಬರೋರು ಹೋಗೋರು ನೂರು ಜನ. ತಪ್ಪು ನಮ್ಮದೇ.” ಪರದೆಯ ಕಡೆ ಬೆರಳು ತೋರಿಸಿ ಕೇಳಿದರು, “ಪಾಸ್‌ವರ್ಡ್ ಇಲ್ಲದೆ ಇದನ್ನ ಹಾಕಬಹುದಾ?”

“ಆಗಲ್ಲ.”

“ನೀವು ಯಾರಿಗಾದ್ರೂ ಹೇಳಿದ್ರಾ?”

“ಪ್ರಾಣ ಹೋದ್ರೂ ಇಲ್ಲ.”

“ಹಾಗಾದ್ರೆ ನಿಮ್ಮ ತಮ್ಮನೇ ಹೇಳಿರಬೇಕು. ಒಳಗಿದ್ದುಕೊಂಡೇ.”

ನಾದಿನಿ ಈಗ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಮೂರು ದಿನದ ಮೇಲೆ ಮೊದಲ ಸಲ ಒಂದಿಷ್ಟು ಜೀವ ಬಂದಿತ್ತು. “ಅಂದ್ರೆ ಇವರು ಮಾಡಿಲ್ಲ ಅಂತ ಆಯ್ತಲ್ಲ ಸಾರ್? ಬಿಡ್ತೀರಾ?”

ಇನ್ಸ್‌ಪೆಕ್ಟರು ಉತ್ತರಿಸುವ ಮೊದಲು ಅವರ ಫೋನು ಬಡಿದುಕೊಂಡಿತು. ಕಿವಿಗಿಟ್ಟು “ಹೇಳು” ಎಂದರು. ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿಕೊಂಡರು. “ಯಾವಾಗ? ನಾನು ಹೇಳದೆ ಯಾಕೆ ಬರೆಸಿಕೊಂಡ್ರಿ?... ತಾನಾಗೇ ಕೇಳಿದ್ನಾ?”

ಫೋನನ್ನು ಎದೆಗೆ ಒತ್ತಿ ಹಿಡಿದು ಸ್ಕ್ರೂ ಅಕ್ಕನ ಕಡೆ ತಿರುಗಿದರು.

“ನಿಮ್ಮ ತಮ್ಮ ತಪ್ಪೊಪ್ಪಿಗೆ ಬರೆದುಕೊಟ್ರಂತೆ. ಈಗ ಹತ್ತು ನಿಮಿಷದ ಹಿಂದೆ. ನಾನೇ ವೈನ್ ಹಾಕಿದೆ, ನಾನೇ ತಿದ್ದಿದೆ ಅಂತ. ಕೇಳದೇನೇ ಹಾಳೆ ತರಿಸಿಕೊಂಡು ಬರೆದ್ರಂತೆ.”

ನಾದಿನಿಯ ಗಂಟಲಿಂದ ಹೊರಟ ಸದ್ದು ಅಳುವೂ ಅಲ್ಲ, ಮಾತೂ ಅಲ್ಲ. ಮೇಡಂ ಅವಳನ್ನು ಹಿಡಿದುಕೊಂಡರು.

“ವೈನ್ ಅನ್ನೋ ಪದ ಅವನಿಗೆ ಗೊತ್ತೇ ಇಲ್ಲ ಸಾರ್,” ಎಂದಳು ಸ್ಕ್ರೂ ಅಕ್ಕ. “ಯಾರೋ ಹೇಳಿಕೊಟ್ಟಿದಾರೆ. ಒಂದು ನಿಮಿಷ ನನಗೆ ಕೊಡಿ. ಅವನ ಕೈಗೆ ಫೋನ್ ಕೊಡಿಸಿ.”

ಇನ್ಸ್‌ಪೆಕ್ಟರು ಯೋಚಿಸಿದರು. ಪರದೆಯ ಮೇಲಿನ ಗುರುವಾರವನ್ನು ಇನ್ನೊಮ್ಮೆ ನೋಡಿದರು. ಫೋನಿನಲ್ಲಿ ಏನೋ ಹೇಳಿ, ಸ್ಪೀಕರ್ ಒತ್ತಿ, ಮೇಜಿನ ಮೇಲಿಟ್ಟರು.

ಬಾಗಿಲು ತೆಗೆದ ಸದ್ದು. ಹೆಜ್ಜೆ. ಉಸಿರು.

“ಅಕ್ಕಾ?”

“ಯಾಕೋ ಬರೆದುಕೊಟ್ಟೆ?” ಎಷ್ಟು ತಡೆದರೂ ಅವಳ ದನಿ ಕೂಗಾಗಿಯೇ ಹೊರಬಂತು. “ಯಾಕೋ ಹಾಗೆ ಮಾಡ್ದೆ? ನಿನಗೆ ತಲೆ ಕೆಟ್ಟಿದೆಯಾ?”

ಆ ಕಡೆಯಿಂದ ಮಾತು ಬಂದಾಗ ಅದರಲ್ಲಿದ್ದದ್ದು ಗಾಬರಿ.

“ನೀನೇ ತಾನೆ ಅಕ್ಕ ಬರೆದುಕೊಡು ಅಂದಿದ್ದು?”

“ನಾನಾ?”

“ಚೀಟಿ ಕಳಿಸಿದ್ಯಲ್ಲ. ಗುರುವಾರ ಒಂದು, ಪಾಸ್‌ವರ್ಡ್ ಬರೆದುಕೊಡು, ನನಗೆ ಮರೆತುಹೋಗಿದೆ ಅಂತ. ಇವತ್ತು ಇನ್ನೊಂದು. ಒಪ್ಪಿಕೊಂಡ್ರೆ ಮನೆಯವರ ತಂಟೆಗೆ ಬರಲ್ಲ, ಇಲ್ಲಾಂದ್ರೆ ನನ್ನ ಹೆಂಡತೀನೂ ಹಿಡೀತಾರೆ, ಹೀಗೆ ಹೀಗೆ ಬರಿ ಅಂತ. ಕನ್ನಡಕ ಇಲ್ಲ, ಕಣ್ಣಿಗೆ ಹತ್ತಿರ ಹಿಡಿದು ಓದಿದೆ. ನಿನ್ನ ಅಕ್ಷರ ನನಗೆ ಗೊತ್ತಾಗಲ್ವಾ ಅಕ್ಕ? ನೀನು ಹೇಳಿದ ಹಾಗೇ ಮಾಡಿದೀನಿ.”

“ನಾನು ಯಾವ ಚೀಟೀನೂ ಬರೆದಿಲ್ಲ ಕಣೋ.”

ತೀರ ಚಿಕ್ಕಂದಿನ ದನಿಯಲ್ಲಿ, “ಅಕ್ಕಾ...”

“ಅಳಬೇಡ. ಚೀಟಿ ತಂದುಕೊಟ್ಟಿದ್ದು ಯಾರು? ಅದನ್ನ ಹೇಳು ಸಾಕು.”

“ಇನ್ಯಾರು? ನೀವು ಇಟ್ಟಿದೀರಲ್ಲ, ನಮ್ಮ ವಕೀಲರು. ಎರಡು ಸಲವೂ ಅವರೇ.”

ಸ್ಕ್ರೂ ಅಕ್ಕ ನಾದಿನಿ ಕಡೆ ತಿರುಗಿದಳು. “ನಿನ್ನ ವಕೀಲರು ಎಂಥವರೇ? ಎಲ್ಲಿಂದ ಹಿಡಿದು ತಂದೆ ಅವರನ್ನ?”

ನಾದಿನಿ ಅತ್ತಿಗೆಯ ಮುಖವನ್ನೇ ನೋಡಿದಳು. ತುಟಿ ಬೆಳ್ಳಗಾಗಿತ್ತು.

“ನಾನೆಲ್ಲಿ ತಂದೆ? ಬುಧವಾರ ರಾತ್ರಿ ಅವರೇ ಫೋನ್ ಮಾಡಿ, ಅಕ್ಕ ನನ್ನನ್ನ ನೇಮಿಸಿದಾರೆ ಅಂದ್ರು. ನೀವು ಇಟ್ಟಿರೋ ವಕೀಲರು ಅಂತಲ್ವಾ ಅತ್ತಿಗೆ ನಾನು ಅಂದ್ಕೊಂಡಿದ್ದು?”

“ನನಗೆ ಫೋನ್ ಮಾಡಿ, ತಮ್ಮನ ಹೆಂಡತಿ ನೇಮಿಸಿದಾರೆ ಅಂದ್ರು...” ಎಂದಳು ಸ್ಕ್ರೂ ಅಕ್ಕ.

ನಾದಿನಿ ಅತ್ತಿಗೆಯ ತೋಳು ಹಿಡಿದುಕೊಂಡಳು.

ಇನ್ಸ್‌ಪೆಕ್ಟರು ಮೇಜಿನ ಮೇಲಿದ್ದ ಕೇಸಿನ ಕಡತವನ್ನು ತಮ್ಮ ಕಡೆ ಎಳೆದುಕೊಂಡು ಹಾಳೆಗಳನ್ನು ಮಗುಚಿದರು. ಮೊದಲಿಂದ ಕೊನೆಯ ತನಕ ಒಂದು ಸಲ. ಕೊನೆಯಿಂದ ಮೊದಲಿನ ತನಕ ಇನ್ನೊಂದು ಸಲ.

“ಯಾವ ವಕೀಲರಮ್ಮ?” ಎಂದರು. “ನಿಮ್ಮ ತಮ್ಮನ ಪರ ಇವತ್ತಿನ ತನಕ ಯಾರೂ ವಕಾಲತ್ತು ಹಾಕಿಲ್ಲ.”

ಮೇಜಿನ ಮೇಲಿನ ಫೋನಿನಲ್ಲಿ ಬಾಗಿಲು ತೆರೆದ ಸದ್ದಾಯಿತು. ಯಾರೋ ಪೇದೆಗೆ ಬಹಳ ನಯವಾಗಿ ಹೇಳುತ್ತಿದ್ದರು, “ಕೋರ್ಟಿಗೆ ಇನ್ನೂ ಹೊತ್ತಿದೆಯಲ್ಲ. ನಮ್ಮ ಕಕ್ಷಿದಾರರ ಜೊತೆ ಐದು ನಿಮಿಷ ಮಾತಾಡಬಹುದಾ?”